ಹೂಮಳೆಯ ಕಾರ್ಡನ್ನು ಮಾಯ್ ಒಪ್ಪಲಿಲ್ಲ

ನಾನು ವಿಯೆಟ್ನಾಮಿಗೆ ಹೋದದ್ದು ನನ್ನ ವಾದವನ್ನು ಇನ್ನಷ್ಟು ಗಟ್ಟಿ ಮಾಡಿಕೊಂಡು ಬರುವುದಕ್ಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ‘ನಿನಗೆ ಪೂರ್ವಗ್ರಹ ಇರಲಿಲ್ಲವಾ’ ಎಂದು ಕೇಳುವುದು ಬೇಡ. ಇತ್ತು. ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಮೊದಲು ಅದನ್ನೇ ಮಡಚಿ ಇಟ್ಟುಕೊಂಡಿದ್ದೆ.

ಹೊರಡುವ ಮುಂಚೆ, ಅಮ್ಮತ್ತಿ

ಅಮ್ಮತ್ತಿಯ ಹತ್ತಿರ ನಾನು ಕೆಲಸ ಮಾಡುವ ವಿಶೇಷ ಶಾಲೆಯಲ್ಲಿ ನಾಲ್ಕೇ ಮಕ್ಕಳ ಒಂದು ತರಗತಿ ಇದೆ. ಒಂದಕ್ಕಿಂತ ಹೆಚ್ಚು ತೊಂದರೆ ಇರುವ ಮಕ್ಕಳು: ಒಬ್ಬರಿಗೆ ಕಿವಿ ಕೇಳದು, ಜೊತೆಗೆ ಕೈಕಾಲು ಸೆಟೆದಿದೆ, ಇನ್ನೊಬ್ಬರಿಗೆ ಕಣ್ಣು ಮಂಜು, ಜೊತೆಗೆ ಗ್ರಹಿಕೆ ನಿಧಾನ. ಇವರಿಗೆ ಪೊನ್ನಮ್ಮ ಮಿಸ್ ವಿಜ್ಞಾನ ಹೇಳಿಕೊಡುತ್ತಾರೆ. ಪುಸ್ತಕ ಇಲ್ಲ. ಕೈಯಲ್ಲಿ ಎತ್ತಿ ಹಿಡಿಯುವಂಥ ಕಪ್ಪು ಹಲಗೆಯ ಮೇಲೆ ಬಿಳಿ ಚೌಕಗಳು, ಚೌಕದಿಂದ ಚೌಕಕ್ಕೆ ದಪ್ಪ ಬಾಣ, ಅಂಟಿಸಲು ಲ್ಯಾಮಿನೇಟ್ ಮಾಡಿದ ಚಿತ್ರದ ಕಾರ್ಡುಗಳು, ಕಾರ್ಡಿನ ಬೆನ್ನಿಗೆ ಚರ್ರೆಂದು ಕಿತ್ತು ಬರುವ ವೆಲ್ಕ್ರೋ ಪಟ್ಟಿ. ಯಾವುದರಿಂದ ಯಾವುದು ಆಯಿತು ಎಂದು ಮಗು ಕಾರ್ಡು ಜೋಡಿಸಿ ತೋರಿಸಬೇಕು. ತರಬೇತಿಗಳಲ್ಲಿ ಇದಕ್ಕೆ ಉದ್ದದ ಇಂಗ್ಲಿಷ್ ಹೆಸರಿದೆ. ನಮ್ಮ ಸ್ಟಾಫ್ ರೂಮಿನಲ್ಲಿ ಇದು ‘ಬಾಣದ ಚಾರ್ಟು’.

ನನ್ನ ಪ್ರಕಾರ ಅದು ವಿಜ್ಞಾನವೇ ಆಗಿರಲಿಲ್ಲ. ಕಾಲೇಜಿನ ಮೂರೂ ವರ್ಷ ಚರ್ಚಾಸ್ಪರ್ಧೆಯಲ್ಲಿ ‘ವಿಷಯದ ವಿರುದ್ಧ’ ಮಾತಾಡಿ ಅಭ್ಯಾಸವಾದವಳು ನಾನು. ಜನವರಿಯ ಸ್ಟಾಫ್ ಮೀಟಿಂಗಿನಲ್ಲಿ ಎದ್ದು ನಿಂತೆ. “ನಾಲ್ಕು ಕಾರ್ಡು ಎಲ್ಲೆಲ್ಲಿ ಅಂಟಿಸ್ಬೇಕು ಅಂತ ದಿನಾ ಮಾಡಿಸಿದ್ರೆ ಯಾರಾದ್ರೂ ಮಾಡ್ತಾರೆ. ಮಕ್ಕಳು ಜಾಗ ಕಲೀತಿದಾರೆ, ಕಾರಣ ಅಲ್ಲ. ಮಿಕ್ಕಿದ್ದನ್ನ ಮಿಸ್ಸಿನ ಮುಖ ನೋಡಿ ಊಹಿಸ್ತಾರೆ” ಎಂದೆ. ಮಾತು ಚೆನ್ನಾಗಿ ಬಂತು. ಎಷ್ಟು ಚೆನ್ನಾಗಿ ಬಂತೆಂದರೆ, ಆಡಳಿತ ಸಮಿತಿಯ ಅಧ್ಯಕ್ಷರು ಅದನ್ನೇ ಹಿಡಿದುಕೊಂಡು, ಆ ತರಗತಿಯ ವಿಜ್ಞಾನದ ಪೀರಿಯಡ್ಡುಗಳನ್ನು ತೆಗೆದು ಪೇಪರ್ ಕವರ್ ಮಾಡುವ ಕೆಲಸಕ್ಕೆ ಕೊಡೋಣ ಎಂದರು. ತೀರ್ಮಾನ ಮಾರ್ಚಿನಲ್ಲಿ.

ಆ ತರಗತಿಯಲ್ಲಿ ಸೆಲ್ವಿ ಇದ್ದಾಳೆ. ಹನ್ನೆರಡು ವರ್ಷ, ಅಪ್ಪ ಅಮ್ಮ ಕಾಫಿ ಎಸ್ಟೇಟಿನ ಕೂಲಿಕಾರರ ಲೈನಿನಲ್ಲಿ ಇರುವವರು. ಅವಳಿಗೆ ಕಿವಿ ಕೇಳುವುದಿಲ್ಲ, ಬಲಗೈ ಮಡಚಿದ್ದು ಬಿಚ್ಚುವುದಿಲ್ಲ. ಕವರ್ ಮಾಡಲು ಎರಡು ಕೈ ಬೇಕು. ಆದ್ದರಿಂದ ಕವರಿನ ದಿನ ಅವಳ ಕೆಲಸ, ಬೇರೆಯವರು ಮಡಚಿದ ಕಾಗದದ ಕಟ್ಟು ಹಾರಿಹೋಗದಂತೆ ಮೊಣಕೈಯಿಂದ ಒತ್ತಿ ಹಿಡಿಯುವುದು. ವಿಜ್ಞಾನ ಹೋದರೆ ವಾರವಿಡೀ ಅದೇ. ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ ವಾದ ಗೆದ್ದೆ.

ಅಷ್ಟರಲ್ಲಿ ವಿಯೆಟ್ನಾಮಿನ ಕಾಫಿ ಬೆಳೆಯುವ ಗುಡ್ಡಗಾಡಿನ ಶಾಲೆಯೊಂದರಿಂದ ಕರೆ ಬಂತು. ಇಂಥದೇ ಮಕ್ಕಳು, ಇಂಥದೇ ಚಾರ್ಟು. ಇಬ್ಬರು ಶಿಕ್ಷಕರು ಒಂದು ವಾರ ಬಂದು ಪಾಠ ಮಾಡಿ ತೋರಿಸಿ, ನಮ್ಮದನ್ನೂ ನೋಡಿ ಎಂದು. ಹೆಡ್ ಮೇಡಂ ಪೊನ್ನಮ್ಮ ಮಿಸ್ ಜೊತೆ ನನ್ನ ಹೆಸರನ್ನೂ ಬರೆದರು. “ನೀನೇ ಅಲ್ವಾ ವಿರೋಧ ಮಾಡಿದ್ದು? ಹೋಗಿ ನೋಡ್ಕೊಂಡು ಬಾ. ಸಮಿತಿಗೆ ರಿಪೋರ್ಟ್ ನೀನೇ ಕೊಡು.”

ಪೊನ್ನಮ್ಮ ಮಿಸ್ಸಿಗೆ ಐವತ್ತಾರು, ನನಗೆ ಇಪ್ಪತ್ತೇಳು. ಕಾರು ವಿರಾಜಪೇಟೆ ದಾಟಿದ ಮೇಲೆ ಅವರು ಕೇಳಿದ್ದು ಒಂದೇ ಒಂದು ಪ್ರಶ್ನೆ: “ಚೈತ್ರಾ, ನೀ ಕಿಟಕಿ ಹತ್ರ ಕೂತ್ರೆ ವಾಂತಿ ಮಾಡೋದಿಲ್ಲ ತಾನೆ?”

ಸೂಟ್‌ಕೇಸ್ ಬರುವ ಬೆಲ್ಟಿನ ಪಕ್ಕ

ಊರಿನ ಹೆಸರು ಬುವಾನ್ ಮಾ ಥುವಾಟ್. ಸರಿಯಾಗಿ ಹೇಳಲು ನನಗೆ ಮೂರು ದಿನ ಹಿಡಿಯಿತು. ಮಿಸ್ ಪ್ರಯತ್ನವನ್ನೇ ಮಾಡದೆ ‘ಆ ಊರು’ ಎಂದು ಮುಗಿಸಿದರು.

ಸಣ್ಣ ವಿಮಾನ ನಿಲ್ದಾಣ. ಮಿಸ್ಸಿನ ಸೂಟ್‌ಕೇಸ್ ಬರುವ ಮೊದಲೇ ಅದರ ವಾಸನೆ ಬಂತು. ನನಗೆ ತಕ್ಷಣ ತಿಳಿಯಿತು. ಕೊಡಗಿನವರಿಗೆ ಯಾರಿಗಾದರೂ ತಿಳಿಯುತ್ತದೆ.

“ಮಿಸ್, ಕಾಚಂಪುಳಿ ತಂದಿದ್ದೀರಾ?”

“ಒಂದು ಬಾಟ್ಲಿ. ಬರೀ ಕೈಲಿ ಹೇಗೆ ಬರೋದು ಮಾರಾಯ್ತಿ ಬೇರೆಯವರ ಮನೆಗೆ?”

ಹಣ್ಣಿನ ರಸವನ್ನು ಗಟ್ಟಿಯಾಗುವವರೆಗೆ ಕುದಿಸಿದ ಆ ಕಪ್ಪು ಹುಳಿಯನ್ನು ನಮ್ಮಲ್ಲಿ ಹಂದಿ ಮಾಂಸಕ್ಕೂ ಮೀನಿಗೂ ಹಾಕುತ್ತಾರೆ. ಒಂದು ಚಮಚ ಇಡೀ ಪಾತ್ರೆಗೆ ಸಾಕು. ಮಿಸ್ಸಿನ ಸೂಟ್‌ಕೇಸಿನಲ್ಲಿ ಅರ್ಧ ಬಾಟಲಿ ಹರಿದಿತ್ತು. ಸೀರೆಗಳು ಮೇಲಿದ್ದುದರಿಂದ ಬಚಾವಾದವು. ಕೆಳಗೆ ಇದ್ದದ್ದು ಕಾರ್ಡುಗಳು. ಮೊಗ್ಗು, ಹೂ, ಹಣ್ಣು, ಮೂರಕ್ಕೂ ಅಂಚಿನಲ್ಲಿ ಮಾತ್ರ ಕಲೆ. ನಾಲ್ಕನೆಯದು ಮಳೆಯ ಕಾರ್ಡು. ಅದರ ಲ್ಯಾಮಿನೇಟ್ ಅಂಚು ಬಿಟ್ಟುಕೊಂಡು, ಹುಳಿ ಒಳಗಿಳಿದು, ಮೋಡ ಪೂರ್ತಿ ಕಪ್ಪಾಗಿತ್ತು.

“ಮೋಡ ತಾನೆ, ಕಪ್ಪಿರ್ತದೆ” ಎಂದರು ಮಿಸ್, ಸೆರಗಿನಿಂದ ಒರೆಸುತ್ತ. ನನಗೆ ನಗು ಬಂತು. ಅವರಿಗೆ ಬರಲಿಲ್ಲ.

ಮೊದಲ ದಿನ: ವಯಸ್ಸೆಷ್ಟು?

ನಮ್ಮಲ್ಲಿ ಹೊಸಬರನ್ನು ಕಂಡರೆ ‘ಯಾವ ಊರು, ಯಾರ ಮನೆ’ ಎಂದು ಕೇಳುತ್ತಾರೆ. ಅಲ್ಲಿ ಮೊದಲು ಕೇಳುವುದು ವಯಸ್ಸು. ಶಾಲೆಯ ಬಾಗಿಲಲ್ಲೇ ಲಾನ್ ಎಂಬ ಶಿಕ್ಷಕಿ ನನ್ನ ಕೈ ಹಿಡಿದು, ಫೋನಿಗೆ ಏನೋ ಹೇಳಿ, ಫೋನನ್ನು ನನ್ನ ಮುಖಕ್ಕೆ ಹಿಡಿದಳು. ‘ನೀನು ಎಷ್ಟು ಹಳೆಯವಳು’ ಎಂದಿತು ಫೋನು ಇಂಗ್ಲಿಷಿನಲ್ಲಿ. ನಾನು ಮುಖ ಬಿಗಿದುಕೊಂಡೆ. ಆಮೇಲೆ ತಿಳಿಯಿತು: ಅವರ ಭಾಷೆಯಲ್ಲಿ ಬರಿಯ ‘ನೀನು’ ಹೇಳಿ ಮುಗಿಸುವ ಹಾಗಿಲ್ಲ. ಅಕ್ಕನೋ, ತಂಗಿಯೋ, ಅತ್ತೆಯೋ ಎಂದು ಗೊತ್ತಾಗದೆ ವಾಕ್ಯವೇ ಶುರುವಾಗುವುದಿಲ್ಲ. ಲಾನ್‌ಗೆ ಮೂವತ್ನಾಲ್ಕು. ನಾನು ‘ಎಮ್’ ಆದೆ, ತಂಗಿ. ಪೊನ್ನಮ್ಮ ಮಿಸ್ ‘ಕೋ’; ಅದಕ್ಕೆ ಅತ್ತೆ ಎಂದೂ ಮಿಸ್ ಎಂದೂ ಎರಡು ಅರ್ಥವಂತೆ. ಮಿಸ್ಸಿಗೆ ಇದು ಬಹಳ ಹಿಡಿಸಿತು.

ನನಗೆ ಹಿಡಿಸಲಿಲ್ಲ. ತಂಗಿಯಾದ ಮೇಲೆ ಎದುರು ವಾದ ಮಾಡುವುದು ಕಷ್ಟ.

ಮಧ್ಯಾಹ್ನ ಊಟವಾದ ಕೂಡಲೇ ಇಡೀ ಶಾಲೆ ಮಲಗಿತು. ಮಕ್ಕಳು, ಶಿಕ್ಷಕರು, ಗೇಟಿನವನು, ಎಲ್ಲರೂ ಚಾಪೆ ಹಾಸಿ, ಪರದೆ ಎಳೆದು. ಪೊನ್ನಮ್ಮ ಮಿಸ್ ಐದು ನಿಮಿಷದಲ್ಲಿ ಗೊರಕೆ ಹೊಡೆದರು, ಹುಟ್ಟಿದಂದಿನಿಂದ ಇಲ್ಲೇ ಮಲಗುತ್ತಿದ್ದವರಂತೆ. ನಾನು ಹತ್ತು ಸಲ ಮಗ್ಗುಲು ಬದಲಿಸಿ, ಎದ್ದು, ಚಪ್ಪಲಿ ಕೈಯಲ್ಲಿ ಹಿಡಿದು ಹೊರಗೆ ಹೋದೆ. ಅಂಗಳದಲ್ಲಿ ಮಾತಾಡಲು ಒಂದು ಜೀವ ಇಲ್ಲ. ಗೋಡೆಯಾಚೆ ಕಾಫಿ ತೋಟ. ನಮ್ಮ ತೋಟಗಳ ಹಾಗೆ ನೆರಳಿನ ಮರ ಇಲ್ಲ. ಸಿಲ್ವರ್ ಓಕ್ ಕಡಿದು ಹಾಕಿದ ಮೇಲೆ ಉಳಿದಂತೆ ಬೋಳು ಬಿಸಿಲು, ಕೆಂಪು ಮಣ್ಣು. ಪ್ರತಿ ಗಿಡದ ಸುತ್ತ ತಟ್ಟೆಯ ಹಾಗೆ ಬದು ಕಟ್ಟಿದ ಗುಂಡಿ. ಅಷ್ಟು ನೋಡಿದೆ, ಯೋಚಿಸಲಿಲ್ಲ. ತಲೆಯಲ್ಲಿ ರಿಪೋರ್ಟಿನ ಮೊದಲ ಸಾಲು ಓಡುತ್ತಿತ್ತು.

ಎರಡನೆಯ ದಿನ: ನಾನು ಗೆದ್ದೆ

ಪಾಠ ಪೊನ್ನಮ್ಮ ಮಿಸ್ಸಿನದು. ವಿಷಯ: ಕಾಫಿ ಹೂ ಯಾಕೆ ಬಿಡುತ್ತದೆ. ಎರಡೂ ಕಡೆಯ ಮಕ್ಕಳಿಗೆ ಗೊತ್ತಿರುವ ಗಿಡ ಎಂದು ಅವರೇ ಆರಿಸಿದ್ದರು. ನಾಲ್ಕು ಚೌಕ, ಮೂರು ಬಾಣ: ಮೊಗ್ಗು, ಮಳೆ, ಹೂ, ಹಣ್ಣು.

ನಮ್ಮ ಕಡೆ ಇದು ಯಾರಿಗೂ ಹೇಳಿಕೊಡಬೇಕಾದ ಸಂಗತಿಯಲ್ಲ. ಬೇಸಗೆಯ ಮಧ್ಯೆ ಬೀಳುವ ಆ ಒಂದು ಮಳೆಗೆ ಹೆಸರೇ ಹೂಮಳೆ. ಅದು ಬಿದ್ದು ವಾರ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ. ಬರದಿದ್ದರೆ ಅಮ್ಮತ್ತಿ ಪೇಟೆಯಲ್ಲಿ ಯಾರ ಮುಖದಲ್ಲೂ ಕಳೆ ಇರುವುದಿಲ್ಲ.

ಮುಂದಿನ ಸಾಲಿನಲ್ಲಿ ಮಾಯ್ ಎಂಬ ಹುಡುಗಿ. ಹದಿಮೂರು ವರ್ಷ. ಕಿವಿ ಕೇಳದು, ಒಂದು ಕಣ್ಣು ಮಂಜು, ಕಾಲು ನಿಲ್ಲದು. ಗಾಲಿ ಕುರ್ಚಿಯಲ್ಲಿ ಎದೆಗೆ ಪಟ್ಟಿ ಕಟ್ಟಿ ಕೂರಿಸಿದ್ದರು. ಎಡಗೈ ಮಾತ್ರ ಅವಳ ಮಾತು ಕೇಳುತ್ತಿತ್ತು, ಅದೂ ನಿಧಾನವಾಗಿ. ಅವಳ ಮೇಜಿನ ಅಂಚಿಗೆ ಉದ್ದಕ್ಕೆ ಇನ್ನೊಂದು ಪಟ್ಟಿ: ಆ ದಿನದ ಕೆಲಸಗಳ ಚಿತ್ರಗಳು. ವ್ಯಾಯಾಮ, ಗಿಡಕ್ಕೆ ಪೈಪಿನಲ್ಲಿ ನೀರು, ಊಟ, ನಿದ್ದೆ, ಮನೆ.

ಮಾಯ್ ಮೊಗ್ಗನ್ನು ಸರಿಯಾಗಿ ಇಟ್ಟಳು. ಮಳೆಯ ಕಾರ್ಡು ಎತ್ತಿದಳು, ಮೂಗಿಗೆ ಹಿಡಿದಳು, ನೆಲಕ್ಕೆ ಬಿಸಾಡಿದಳು. ತರಗತಿ ನಕ್ಕಿತು. ಆಮೇಲೆ ಬಹಳ ಹೊತ್ತು ತೆಗೆದುಕೊಂಡು ಮೇಜಿನ ಅಂಚಿನಿಂದ ಪೈಪಿನ ಕಾರ್ಡನ್ನು ಚರ್ರೆಂದು ಕಿತ್ತಳು. ಅದನ್ನು ಎರಡನೆಯ ಚೌಕಕ್ಕೆ ಒತ್ತಿದಳು. ಮುಂದೆ ಹೂ, ಹಣ್ಣು.

ಪೊನ್ನಮ್ಮ ಮಿಸ್ ಮೆಲ್ಲಗೆ ಪೈಪನ್ನು ತೆಗೆದು ಮಳೆ ಇಟ್ಟರು. ಮಾಯ್ ಮಳೆಯನ್ನು ಮತ್ತೆ ಎಸೆದಳು.

ಹೊರಗೆ ಬಂದಾಗ ನನಗೆ ಬಾಯಿ ಮುಚ್ಚಿಕೊಂಡಿರಲಾಗಲಿಲ್ಲ. “ನೋಡಿದ್ರಾ ಮಿಸ್? ಕೈಗೆ ಸಿಕ್ಕಿದ ಕಾರ್ಡು ಅಂಟಿಸಿದಳು. ಗಿಡ ನೋಡಿದ್ಲು, ಗಿಡದ್ದೇ ಇನ್ನೊಂದು ಚಿತ್ರ ಇಟ್ಲು. ಇದ್ರಲ್ಲಿ ಕಾರಣ ಎಲ್ಲಿ ಬಂತು?”

“ಕಾಚಂಪುಳಿ ವಾಸನೆಗೆ ಬಿಸಾಡಿದ್ದು ಅದು.”

“ಆಯ್ತು, ವಾಸನೆಗೇ. ಹಂಗಂದ್ರೂ ನಿಮ್ಮ ಮಾತು ನಿಲ್ಲಲ್ಲ. ವಾಸನೆ ನೋಡಿ ಉತ್ತರ ಹೇಳೋದು ಸೈನ್ಸಾ?”

ಮಿಸ್ ಕಲೆಯಾದ ಕಾರ್ಡನ್ನು ಚೀಲಕ್ಕೆ ಹಾಕಿಕೊಂಡರು. “ನಿಂಗೆ ಬೇಕಾಗಿದ್ದು ಸಿಕ್ಕಿತಲ್ಲ. ಬರಿ, ರಿಪೋರ್ಟು ಬರಿ. ಸೆಲ್ವಿ ಕಾಗದ ಒತ್ತಿಕೊಂಡು ಕೂರಲಿ.”

ಇದು ನ್ಯಾಯವಾದ ಮಾತಲ್ಲ. ವಾದದಲ್ಲಿ ಸೆಲ್ವಿಯನ್ನು ತರುವುದು ಕಣ್ಣೀರು ತರಿಸುವ ತಂತ್ರ. ಸ್ಪರ್ಧೆಯಲ್ಲಾದರೆ ಅಂಕ ಕಳೆಯುತ್ತಾರೆ. ಹಾಗೆಂದು ಮನಸ್ಸಿನಲ್ಲೇ ಹೇಳಿಕೊಂಡೆ. ಸಮಾಧಾನ ಆಗಲಿಲ್ಲ. ಸಂಜೆ ಪುಟ್ಟ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಮಂಡಿ ಗಲ್ಲಕ್ಕೆ ತಾಗುವಂತೆ ಕೂತು, ತೊಟ್ಟು ತೊಟ್ಟಾಗಿ ಲೋಟಕ್ಕೆ ಇಳಿಯುವ ಅವರ ಕಾಫಿಗೆ ಕಾಯುತ್ತಿದ್ದಾಗ ಹೊಳೆಯಿತು: ಗೆದ್ದದ್ದು ನಾನಾದರೂ ಪರೀಕ್ಷೆ ಸರಿಯಾಗಿ ಆಗಲಿಲ್ಲ. ಕಾರ್ಡಿಗೆ ಕಲೆ ಇತ್ತು, ವಾಸನೆ ಇತ್ತು. ಇಂಥ ಸಾಕ್ಷ್ಯದ ಮೇಲೆ ಎದುರಾಳಿ ಗೆದ್ದಿದ್ದರೆ ನಾನು ಬಿಡುತ್ತಿದ್ದೆನಾ? ಕಾಫಿ ಇಳಿದು ಮುಗಿಯುವ ಮೊದಲೇ ಎದ್ದು ಸ್ಕೆಚ್ ಪೆನ್ನು ಹುಡುಕಿಕೊಂಡು ಹೊರಟೆ.

ಶಾಲೆಯಲ್ಲಿ ನಮಗೆ ಕೊಟ್ಟಿದ್ದ ಕೋಣೆಗೆ ಬಂದರೆ ಲಾನ್ ಪಕ್ಕದ ಅಡುಗೆಮನೆಯಲ್ಲಿ ಉಳಿದ ಕಾಚಂಪುಳಿಯನ್ನು ಬೆರಳಿಗೆ ಹಚ್ಚಿ ನೆಕ್ಕುತ್ತಿದ್ದಳು. ಕಣ್ಣು ಮುಚ್ಚಿ, ಭುಜ ಅಲ್ಲಾಡಿಸಿ, ‘ಮೀನು’ ಎಂದು ಫೋನಿನಲ್ಲಿ ಹೇಳಿಸಿದಳು. ಮಿಸ್ ಮೊದಲ ಸಲ ನಕ್ಕರು. “ಇವಳಿಗೆ ಬುದ್ಧಿ ಉಂಟು.”

ಮೂರನೆಯ ದಿನ: ಬಾಣದ ಮೇಲೆ

ಹೊಸ ಮಳೆಯ ಕಾರ್ಡು ನಾನೇ ಬರೆದೆ. ನೀಲಿ ಗೆರೆ, ಶುಭ್ರ ಮೋಡ. ಉಳಿದ ಕಾರ್ಡುಗಳನ್ನೂ ಹೊಸದಾಗಿ ಬರೆದೆ, ಯಾವುದಕ್ಕೂ ವಾಸನೆ ಇರಬಾರದು ಎಂದು. ಚೌಕಗಳನ್ನು ಅಡ್ಡಲಾಗಿ ಬರೆಯದೆ ಮೇಲಿನಿಂದ ಕೆಳಕ್ಕೆ ಬರೆದೆ. ಜಾಗ ಬಾಯಿಪಾಠ ಮಾಡಿದ್ದರೆ ಎಡವಲಿ. ಪೈಪಿನ ಕಾರ್ಡನ್ನೂ ಮಿಕ್ಕವುಗಳ ಜೊತೆಯೇ ಇಟ್ಟೆ. ಲಾನ್ ಮತ್ತು ಪೊನ್ನಮ್ಮ ಮಿಸ್ ಇಬ್ಬರನ್ನೂ ಮಾಯ್ ಬೆನ್ನ ಹಿಂದೆ ನಿಲ್ಲಿಸಿದೆ, ಮುಖ ಕಾಣದಂತೆ. ನನ್ನ ಮುಖಕ್ಕೆ ಹಲಗೆಯನ್ನೇ ಅಡ್ಡ ಹಿಡಿದೆ.

“ಪೊಲೀಸ್ ಸ್ಟೇಶನ್ನಾ ಇದು?” ಎಂದರು ಮಿಸ್.

“ಮಾತಾಡ್ಬೇಡಿ ಮಿಸ್.”

“ಅವಳಿಗೆ ಕಿವಿ ಕೇಳ್ಸೋದಿಲ್ಲ ಮಾರಾಯ್ತಿ.”

ಮಾಯ್ ಮೊಗ್ಗು ಇಟ್ಟಳು. ಎರಡನೆಯ ಚೌಕಕ್ಕೆ ಪೈಪು. ಆಮೇಲೆ ಹೂ. ಹಣ್ಣು. ಹಲಗೆಯ ಮೇಲಿನ ಅಂಚಿನಿಂದ ಇಣುಕಿದೆ. ಸರಿ, ಮಳೆಯನ್ನು ಬಿಟ್ಟಳು, ಮತ್ತೆ ತಪ್ಪು, ಇನ್ನು ಯಾರೂ ವಾಸನೆಯ ನೆಪ ಹೇಳುವಂತಿಲ್ಲ ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವಳ ಕೈ ಮಳೆಯ ಕಾರ್ಡಿನತ್ತ ಹೋಯಿತು. ಎತ್ತಿದಳು. ಹಲಗೆಯ ಮುಂದೆ ಅದನ್ನು ಅಲ್ಲಾಡಿಸುತ್ತ ಜಾಗ ಹುಡುಕಿದಳು. ಚೌಕಗಳೆಲ್ಲ ತುಂಬಿದ್ದವು. ಹೂವಿಗೂ ಹಣ್ಣಿಗೂ ನಡುವೆ, ಬಾಣದ ಮೇಲೆಯೇ ಅದನ್ನು ಒತ್ತಿದಳು. ಅಲ್ಲಿ ವೆಲ್ಕ್ರೋ ಇರಲಿಲ್ಲ. ಕಾರ್ಡು ಬಿತ್ತು. ನಾನು ಎತ್ತಿ ಮೇಜಿನ ಮೇಲೆ ಇಟ್ಟೆ. ಅವಳು ಮತ್ತೆ ಬಾಣದ ಮೇಲೆ ಒತ್ತಿದಳು. ಮತ್ತೆ ಬಿತ್ತು. ಮೂರನೆಯ ಸಲ ನಾನು ಕೈ ಚಾಚಿದಾಗ ನನ್ನ ಕೈಗೆ ಫಟ್ಟನೆ ಹೊಡೆದು, ಕಾರ್ಡನ್ನು ಅಂಗೈಯಿಂದ ಬಾಣಕ್ಕೆ ಒತ್ತಿ ಹಿಡಿದು ಕೂತಳು. ಬಿಡಲೇ ಇಲ್ಲ.

ಹಿಂದೆ ಲಾನ್ ನಗುತ್ತಿದ್ದಳು. ಫೋನು ಎಂದಿನ ತನ್ನ ಚಪ್ಪಟೆ ದನಿಯಲ್ಲಿ ಹೇಳಿತು: “ತಂಗಿ, ಇಲ್ಲಿ ಹೂವಿನ ಕಾಲದಲ್ಲಿ ಮಳೆ ಇಲ್ಲ. ಪೈಪಿನ ನೀರು ಹೂ ತರುತ್ತದೆ. ಮಳೆ ನಂತರ ಬರುತ್ತದೆ. ಮಳೆ ಹಣ್ಣನ್ನು ದಪ್ಪ ಮಾಡುತ್ತದೆ.”

ನಾನು ಹಲಗೆಯನ್ನು ಕೆಳಗಿಳಿಸಿದೆ.

ಗಿಡದ ಸುತ್ತಲಿನ ಆ ಗುಂಡಿಗಳು. ಮೊದಲ ದಿನವೇ ನೋಡಿದ್ದೆ. ಮಧ್ಯಾಹ್ನ ಊರೆಲ್ಲ ಮಲಗಿದಾಗ ಗೋಡೆ ದಾಟಿ ಹೋದೆ. ಮಲಗದೆ ಇದ್ದವನು ಒಬ್ಬನೇ: ತೋಟದವನು, ಹೆಗಲ ಮೇಲೆ ತೋಳಿನಷ್ಟು ದಪ್ಪದ ಪೈಪು ಹೊತ್ತು ಒಂದು ಗುಂಡಿ ತುಂಬಿಸಿ ಇನ್ನೊಂದಕ್ಕೆ ಎಳೆಯುತ್ತಿದ್ದ. ಅವನ ಹಿಂದೆ, ಕೆಲವು ದಿನದ ಕೆಳಗೆ ನೀರು ಕಂಡ ಸಾಲುಗಳು ಬೆಳ್ಳಗೆ ಹೂಬಿಟ್ಟಿದ್ದವು. ಮುಂದಿನ ಸಾಲುಗಳಲ್ಲಿ ಒಣ ಮೊಗ್ಗು. ಆಗ ಪೈಪು ಎಲ್ಲಿಗೆ ಮುಟ್ಟಿತ್ತೋ ಅಲ್ಲಿಗೆ ಬಿಳುಪು ನಿಂತಿತ್ತು. ತರಗತಿಯಲ್ಲಿ ಮಾಯ್ ಕೂರುವ ಕಡೆಯ ಕಿಟಕಿಗೆ ಈ ಸಾಲುಗಳು ಕಾಣುತ್ತವೆ. ಆಕಾಶದಲ್ಲಿ ಮೋಡದ ಚೂರಿಲ್ಲ.

ಪೊನ್ನಮ್ಮ ಮಿಸ್ ಬಂದು ಪಕ್ಕದಲ್ಲಿ ನಿಂತರು, ನಿದ್ದೆಯ ಕೆನ್ನೆಯ ಮೇಲೆ ಚಾಪೆಯ ಗೆರೆ.

“ತಪ್ಪು ನಂದೂ ಉಂಟು” ಎಂದರು. “ನಮ್ಮಣ್ಣ ಫೆಬ್ರವರಿಲಿ ಸ್ಪ್ರಿಂಕ್ಲರ್ ಹಾಕಿಯೇ ರೊಬಸ್ಟಾ ಕಾಫಿಗೆ ಹೂ ಬರ್ಸೋದು. ಕಣ್ಣಾರೆ ನೋಡಿದೇನೆ. ಆದ್ರೂ ಕಾರ್ಡಿಗೆ ಮಳೆಯೇ ಬರ್ದೆ. ಹೂಮಳೆ ಅಂತ ಹೇಳಿ ಹೇಳಿ, ಮಳೆಯೇ ಹೂ ತರೋದು ಅಂತ ಕೂತುಬಿಟ್ಟದೆ ಬಾಯಲ್ಲಿ.”

ಮಳೆಯಲ್ಲ, ನೀರು. ಇಬ್ಬರು ಟೀಚರುಗಳು ಒಂದು ಪದ ನಂಬಿ ಸಮುದ್ರ ದಾಟಿ ಬಂದು, ನಮ್ಮ ತಪ್ಪನ್ನು ಅವಳ ಕೈಯಿಂದ ಅಂಟಿಸಲು ನೋಡಿದೆವು.

ಆದರೂ ನಾನು ಬಿಡಲಿಲ್ಲ. ಅಭ್ಯಾಸ. “ಒಬ್ಬಳು ಹುಡುಗಿ ಮಿಸ್. ದಿನಾ ಕಿಟಕೀಲಿ ನೋಡಿದ್ದನ್ನೇ ಹೇಳಿದಾಳೆ. ಇದ್ರಿಂದ ಎಲ್ಲ ಮಕ್ಕಳಿಗೂ ಆಗುತ್ತೆ ಅಂತ ಹೇಳಕ್ಕಾಗಲ್ಲ.”

“ಹೇಳ್ಬೇಡ. ದಿನಾ ನೋಡಿದ್ದನ್ನ ಒಂದಕ್ಕೊಂದು ಸೇರಿಸಿ ಹೇಳೋದಲ್ದೆ ಸೈನ್ಸ್ ಅಂದ್ರೆ ಬೇರೆ ಎಂಥ, ಅಷ್ಟು ಹೇಳು ನಂಗೆ.”

ನಾನು ಗೋಡೆ ದಾಟಿ ಒಳಗೆ ಹೋಗಿ, ಉಳಿದ ಮಕ್ಕಳಿಗೂ ಕಾರ್ಡು ಬರೆಯಲು ಕೂತೆ.

ಉಳಿದ ಮೂರು ದಿನ ಬೇರೆ ಮಕ್ಕಳ ಜೊತೆ ಕೂತೆ. ಎಲ್ಲರೂ ಮಾಯ್ ಅಲ್ಲ. ಒಬ್ಬ ಕಾರ್ಡುಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ ಖುಷಿಪಟ್ಟ, ಅಷ್ಟೇ. ಇನ್ನೊಬ್ಬಳು ಲಾನ್ ಕಡೆ ನೋಡಿ ನೋಡಿಯೇ ಇಟ್ಟಳು. ನಾನು ಮೀಟಿಂಗಿನಲ್ಲಿ ಹೇಳಿದ್ದು ಅಲ್ಲಿ ನಿಜವಾಗಿತ್ತು. ಅದನ್ನೂ ಬರೆದುಕೊಂಡೆ. ಹೊರಡುವ ದಿನ ಲಾನ್ ಹಲಗೆಯಲ್ಲಿ ಐದನೆಯ ಚೌಕ ಗೀಚಿದ್ದಳು, ಹೂವಿಗೂ ಹಣ್ಣಿಗೂ ನಡುವೆ.

ಮತ್ತೆ ಅಮ್ಮತ್ತಿ

ಸೋಮವಾರ ಸಮಿತಿ. ಅಧ್ಯಕ್ಷರು ಕಾಫಿ ಬೆಳೆಗಾರರು, ಕೆಟ್ಟವರಲ್ಲ. ಮಕ್ಕಳ ಕೈಗೆ ಒಂದು ಕಸುಬು ಇರಲಿ ಎನ್ನುವವರು. ನಾನು ನನ್ನ ಜನವರಿಯ ಮಾತನ್ನೇ ಒಂದೊಂದಾಗಿ ಮುರಿಯಬೇಕಿತ್ತು. ಇಷ್ಟು ವರ್ಷದಲ್ಲಿ ನನ್ನ ಎದುರಾಳಿಯಾಗಿ ನಾನೇ ನಿಂತದ್ದು ಅದೇ ಮೊದಲು, ಮತ್ತು ಅವಳು ಸುಲಭಕ್ಕೆ ಸೋಲುವವಳಲ್ಲ.

“ಹೋಗೋ ಮುಂಚೆ ಒಂದು, ಬಂದ್ಮೇಲೆ ಒಂದಾ?” ಎಂದರು ಅಧ್ಯಕ್ಷರು. “ಮಕ್ಕಳಿಗೆ ಅರ್ಥ ಆಗ್ತದೆ ಅಂತ ನೀವು ಬರೆದು ಕೊಡ್ತೀರಾ?”

“ಇಲ್ಲ ಸರ್. ಅರ್ಥ ಆಗಲ್ಲ ಅಂತ ಜನವರಿಲಿ ಹೇಳಿದ್ನಲ್ಲ, ಅದನ್ನ ನಾನು ಪರೀಕ್ಷೆ ಮಾಡಿರಲಿಲ್ಲ. ಸೆಲ್ವಿ ಎದುರು ಒಂದು ದಿನಾನೂ ಕೂತಿರಲಿಲ್ಲ. ಪೀರಿಯಡ್ಡೇ ತೆಗೆದ್ರೆ ಯಾವತ್ತೂ ಗೊತ್ತಾಗಲ್ಲ.”

ಅವರು ಪೆನ್ನು ತಿರುಗಿಸಿದರು. “ಏಪ್ರಿಲ್ ರಜೆವರೆಗೆ ಇರ್ಲಿ. ಆಮೇಲೆ ನೋಡುವ. ಪಾಠ ಯಾರು ಮಾಡೋದು?”

“ಇವಳೇ” ಎಂದರು ಪೊನ್ನಮ್ಮ ಮಿಸ್, ನಾನು ಬಾಯಿ ತೆರೆಯುವ ಮೊದಲು. “ನಾ ಹಿಂದೆ ನಿಲ್ತೇನೆ. ಮುಖ ಕಾಣದ ಹಾಗೆ.”

ಬುಧವಾರ ನನ್ನ ಮೊದಲ ಪಾಠ. ಯಾವುದು ತೇಲುತ್ತದೆ, ಯಾವುದು ಮುಳುಗುತ್ತದೆ. ಹಲಗೆಯಲ್ಲಿ ಒಂದರ ಕೆಳಗೊಂದು ಎರಡೇ ಚೌಕದ ಮನೆ: ಒಂದರಲ್ಲಿ ನೀರಿನ ಮೇಲೆ ಚೆಂಡು, ಇನ್ನೊಂದರಲ್ಲಿ ನೀರಿನ ತಳದಲ್ಲಿ ಚೆಂಡು. ಮುಂದೆ ಬಕೆಟ್ಟು. ಸೆಲ್ವಿ ಎಲೆಯನ್ನು ಮೇಲಿನ ಮನೆಗೆ ಹಾಕಿದಳು. ಸರಿ. ಕಲ್ಲಿನ ಕಾರ್ಡನ್ನೂ ಮೇಲಿನ ಮನೆಗೇ ಹಾಕಿದಳು. ನನ್ನ ಮುಖ ನೋಡಿ ನಕ್ಕಳು.

ತಪ್ಪಾ, ತಮಾಷೆಯಾ? ಗೊತ್ತಾಗಲಿಲ್ಲ. ಕಾರ್ಡನ್ನು ತೆಗೆದು ಕೆಳಗಿನ ಮನೆಗೆ ಇಡಲು ಕೈ ಎತ್ತಿದವಳು ನಿಲ್ಲಿಸಿದೆ. ಅಂಗಳದಿಂದ ತಂದಿದ್ದ ಕಲ್ಲನ್ನು ಅವಳ ಎಡಗೈಗೆ ಕೊಟ್ಟು, ಬಕೆಟ್ಟನ್ನು ಅವಳ ಮುಂದಕ್ಕೆ ತಳ್ಳಿದೆ.

ಬಿಟ್ಟಳು. ನೀರು ನನ್ನ ಚೂಡಿದಾರಕ್ಕೆ ಸಿಡಿಯಿತು. ಸೆಲ್ವಿ ಬಕೆಟ್ಟಿನೊಳಕ್ಕೆ ಬಗ್ಗಿ, ಮೂಗು ನೀರಿಗೆ ತಾಗುವಷ್ಟು ಹತ್ತಿರದಿಂದ, ತಳವನ್ನು ಬಹಳ ಹೊತ್ತು ನೋಡಿದಳು. ಕಾರ್ಡನ್ನು ಮುಟ್ಟಲಿಲ್ಲ. ತಲೆ ಎತ್ತಿ, ಎಡಗೈಯನ್ನು ನನ್ನತ್ತ ಚಾಚಿ, ಬೆರಳು ಮಡಚಿ ಬಿಚ್ಚಿದಳು.

ಇನ್ನೊಂದು ಕಲ್ಲು ಬೇಕಂತೆ.